ಎಎಫ್‌ಗೆ ಅಬ್ಲೇಷನ್ ಅಂದರಾ? ಮುಂಚೆ ಕೇಳಬೇಕಾದ್ದು, ಆಮೇಲೆ ನೋಡಿಕೊಳ್ಳಬೇಕಾದ್ದು

ಮಾತ್ರೆ ಬದಲಿಸಿ ಬದಲಿಸಿ ನೋಡಿದ್ದಾಯ್ತು, ಎದೆಬಡಿತ ಹದಕ್ಕೆ ಬಂದಿಲ್ಲ, ಈಗ ಡಾಕ್ಟರ್ ಅಬ್ಲೇಷನ್, ಅಂದರೆ ಬಡಿತ ಕೆಡಿಸುವ ಜಾಗವನ್ನು ಹೃದಯದ ಒಳಗಿನಿಂದಲೇ ಸುಡುವ ಚಿಕಿತ್ಸೆ, ಮಾಡೋಣ ಅಂದಿದ್ದಾರೆ. ಮೊದಲು ಯಾವ ತೊಂದರೆಗೆ ಅಂತ ಸರಿಯಾಗಿ ಕೇಳಿಕೊಳ್ಳಿ. ಎಸ್‌ವಿಟಿ, ಅಂದರೆ ಇದ್ದಕ್ಕಿದ್ದಂತೆ ಎದೆ ತುಂಬ ಜೋರಾಗಿ ಬಡಿಯುವ ತೊಂದರೆ, ಆದರೆ ಸುಡಬೇಕಾದ ಜಾಗ ಚಿಕ್ಕದು, ಬಹಳ ಜನರಿಗೆ ಒಂದೇ ಸಲಕ್ಕೆ ವಾಸಿಯಾಗುತ್ತದೆ. ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಎಎಫ್, ಅಷ್ಟು ಸಲೀಸಲ್ಲ; ಇದರಲ್ಲಿ ಹೃದಯದ ಮೇಲ್ಕೋಣೆಗಳು ಲಯ ತಪ್ಪಿ ಅದುರುತ್ತವೆ.

ಶ್ವಾಸಕೋಶದಿಂದ ಹೃದಯದ ಎಡ ಮೇಲ್ಕೋಣೆಗೆ ರಕ್ತ ತರುವ ನಾಳಗಳ ಬಾಯಿಂದಲೇ ಹೆಚ್ಚಾಗಿ ಈ ಗಲಾಟೆ ಶುರುವಾಗುತ್ತದೆ ಅನ್ನುವುದನ್ನು 1998ರಲ್ಲಿ ಫ್ರಾನ್ಸಿನ ಬೋರ್ಡೋದ ವೈದ್ಯರು ತೋರಿಸಿದರು. ಹಾಗಾಗಿ ತೊಡೆಸಂದಿನ ರಕ್ತನಾಳದಿಂದ ತೆಳು ತಂತಿಯಂಥ ಕ್ಯಾತಿಟರ್ ಒಳಗೆ ಬಿಟ್ಟು, ಆ ನಾಳಗಳ ಸುತ್ತ ಶಾಖದಿಂದಲೋ ತಣ್ಣಗಿನ ಬಲೂನಿನಿಂದಲೋ ಗಾಯದ ಕಲೆ ಮಾಡುತ್ತಾರೆ. ಕಲೆ ದಾಟಿ ಬಡಿತ ಕೆಡಿಸುವ ಕರೆಂಟು ಹರಿಯುವುದಿಲ್ಲ.

ಡಾಕ್ಟರ್ ಹತ್ತಿರ ನೇರವಾಗಿ ಕೇಳಿ. ನನ್ನ ಎಎಫ್ ಬಂದು ಹೋಗುವಂಥದ್ದಾ, ಬಿಡದೆ ಇರುವಂಥದ್ದಾ? ಬಿಡದೆ ಇರುವುದಾದರೆ ಎರಡನೇ ಸಲ ಮಾಡಬೇಕಾಗುವ ಸಾಧ್ಯತೆ ಜಾಸ್ತಿ, ಅದನ್ನು ಮುಂಚೆಯೇ ತಿಳಿದುಕೊಂಡು ದುಡ್ಡಿನ ಲೆಕ್ಕ ಹಾಕುವುದು ಒಳ್ಳೆಯದು. ನೀವು ಇಂಥ ಅಬ್ಲೇಷನ್ ಎಷ್ಟು ಮಾಡಿದ್ದೀರಿ ಅಂತಲೂ ಕೇಳಿ, ಸಂಕೋಚ ಬೇಡ. ರಕ್ತ ತೆಳು ಮಾಡುವ ಮಾತ್ರೆಯನ್ನು ಮಾತ್ರ ಅವರಿವರ ಮಾತು ಕೇಳಿ ನಿಲ್ಲಿಸಬೇಡಿ. ಹೃದಯದೊಳಗೆ ಹೆಪ್ಪು ಕಟ್ಟಿದ್ದರೆ ಅದು ಮೆದುಳಿಗೆ ಹೋಗಬಹುದು, ಅದಕ್ಕೇ ಎಷ್ಟೋ ಕಡೆ ಬಾಯಿಂದ ನಳಿಗೆ ಇಳಿಸಿ ಎಕೋ ಮಾಡಿ ನೋಡಿಯೇ ಮುಂದುವರಿಯುತ್ತಾರೆ.

ಮುಗಿದ ಮೇಲೆ ಕೆಲವು ಗಂಟೆ ಕಾಲು ಮಡಚದೆ ಅಂಗಾತ ಮಲಗಬೇಕು. ಮನೆಗೆ ಬಂದ ಮೇಲಿನ ವಾರ ನಮ್ಮ ಕಡೆಯವರಿಗೆ ನಿಜವಾದ ಕಷ್ಟ: ಕುಕ್ಕರಗಾಲಲ್ಲಿ ಕೂರುವ ಕಕ್ಕಸು, ನೆಲದ ಮೇಲೆ ಊಟ, ನೀರಿನ ಕೊಡ, ಗ್ಯಾಸ್ ಸಿಲಿಂಡರ್, ಗಾಡಿಯ ಕಿಕ್ಕರ್, ಇವೆಲ್ಲ ತೊಡೆಸಂದಿನ ಗಾಯದ ಮೇಲೇ ಭಾರ ಹಾಕುತ್ತವೆ. ಕಮೋಡ್ ಕುರ್ಚಿ ಮೊದಲೇ ತಂದಿಡಿ. ಗಾಯದಿಂದ ರಕ್ತ ಬಂದರೆ ತಕ್ಷಣ ಮಲಗಿಸಿ, ಹತ್ತು ನಿಮಿಷ ಬಿಡದೆ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ನಿಲ್ಲದಿದ್ದರೆ, ಅಥವಾ ಜೋರಾಗಿ ಚಿಮ್ಮುತ್ತಿದ್ದರೆ, ಒತ್ತುತ್ತಲೇ 108ಕ್ಕೆ ಫೋನ್ ಮಾಡಿಸಿ.

ಮೊದಲ ಎರಡು ಮೂರು ತಿಂಗಳು ಬಡಿತ ಮತ್ತೆ ತಪ್ಪಬಹುದು. ಗಾಯ ಮಾಯುವ ಕಾಲ ಅದು, ಆಗಲೇ ಫೇಲ್ ಆಯ್ತು ಅಂತ ಕುಗ್ಗಬೇಡಿ, ಡಾಕ್ಟರಿಗೆ ತಿಳಿಸಿ ಇಸಿಜಿ ಮಾಡಿಸಿ. ಎದೆ ಹಗುರ ಅನ್ನಿಸಿದರೂ ರಕ್ತ ತೆಳು ಮಾಡುವ ಮಾತ್ರೆ ಮುಂದುವರಿಯಲಿ.

ಇನ್ನೊಂದು, ಬಹಳ ಅಪರೂಪದ್ದು, ಆದರೆ ಜೀವಕ್ಕೇ ಅಪಾಯ. ಶಾಖ ಹೃದಯದ ಹಿಂದೆಯೇ ಇರುವ ಅನ್ನನಾಳಕ್ಕೆ ತಾಗಿ, ವಾರಗಳ ನಂತರ ತೂತು ಬೀಳಬಹುದು. ಎರಡು ತಿಂಗಳೊಳಗೆ ಜ್ವರ, ನುಂಗಲು ನೋವು, ಎದೆನೋವು, ಕೈಕಾಲು ಸೋಲುವುದು ಯಾವುದು ಕಂಡರೂ ದೊಡ್ಡಾಸ್ಪತ್ರೆಗೆ ಓಡಿ. ಸುಮ್ನೆ ಜ್ವರದ ಮಾತ್ರೆ ನುಂಗಿ ಕೂರಬೇಡಿ. ಅಲ್ಲಿ ಮೊದಲ ಮಾತೇ ಅಬ್ಲೇಷನ್ ಆಗಿದೆ ಅನ್ನುವುದಾಗಿರಲಿ, ಯಾಕೆಂದರೆ ಇಂಥ ಅನುಮಾನವಿದ್ದಾಗ ಎಂಡೋಸ್ಕೋಪಿ ಮಾಡಬಾರದು, ಎದೆಯ ಸಿಟಿ ಸ್ಕ್ಯಾನ್ ಮಾಡಬೇಕು.