ರೆಡ್ ಡ್ವಾರ್ಫ್ ನೋಡಬೇಕಾ? ಒಂದನೇ ಸೀಸನ್ ಆಮೇಲೆ ನೋಡಿ

ರೆಡ್ ಡ್ವಾರ್ಫ್ ಅನ್ನೋ ಬ್ರಿಟಿಷ್ ಬಾಹ್ಯಾಕಾಶ ಕಾಮಿಡಿ ಸೀರಿಯಲ್ ಶುರು ಮಾಡಿ ಬಿಟ್ಟವರನ್ನು ಕೇಳಿ ನೋಡಿ. ನನಗೆ ಗೊತ್ತಿರುವವರೆಲ್ಲ ಮೊದಲ ಸೀಸನ್‌ನಲ್ಲೇ ಬಿಟ್ಟವರು. ತಪ್ಪು ಅವರದ್ದಲ್ಲ. 1988ರ ಫೆಬ್ರವರಿಯಲ್ಲಿ ಬಿಬಿಸಿ ಟೂನಲ್ಲಿ ಶುರುವಾದಾಗ ಕಥೆ ನಡೆಯುವ ನೌಕೆಯ ಗೋಡೆ ಬೂದು, ಬಾಗಿಲು ಬೂದು, ಮಂಚ ಬೂದು. ಬಾಹ್ಯಾಕಾಶ ನೋಡೋಣ ಅಂತ ಕೂತವರಿಗೆ ಯಾವುದೋ ಹಳೇ ಗೋಡೌನ್ ಒಳಗೆ ಹೊಕ್ಕ ಹಾಗಾಗುತ್ತದೆ.

ಕಥೆ ಇಷ್ಟೇ. ಗಣಿ ಕೆಲಸದ ದೊಡ್ಡ ನೌಕೆ. ಅದರಲ್ಲಿ ಡೇವ್ ಲಿಸ್ಟರ್ ಅನ್ನೋ ಸೋಮಾರಿ ಟೆಕ್ನೀಷಿಯನ್. ಕದ್ದುಮುಚ್ಚಿ ಬೆಕ್ಕು ತಂದಿಟ್ಟುಕೊಂಡಿದ್ದಾನೆ, ಸಿಕ್ಕಿಬಿದ್ದರೂ ಅದನ್ನು ಕೊಡಲ್ಲ ಅಂತಾನೆ, ಶಿಕ್ಷೆಯಾಗಿ ಅವನನ್ನು ಕಾಲವೇ ನಿಂತುಹೋಗುವ ಒಂದು ಕೋಣೆಗೆ ಹಾಕುತ್ತಾರೆ. ಅಷ್ಟರಲ್ಲಿ ವಿಕಿರಣ ಸೋರಿ ಉಳಿದವರೆಲ್ಲ ಸಾಯುತ್ತಾರೆ. ಅವನು ಹೊರಗೆ ಬರುವಾಗ ಮೂವತ್ತು ಲಕ್ಷ ವರ್ಷ ಕಳೆದಿರುತ್ತದೆ. ಜೊತೆಗೆ ಉಳಿದವರು ಹಾಲಿ ಅನ್ನೋ ಮಂಕು ಕಂಪ್ಯೂಟರ್, ಅವನ ಬೆಕ್ಕಿನ ಸಂತತಿಯಿಂದ ವಿಕಾಸವಾದ ಷೋಕಿಲಾಲ ಕ್ಯಾಟ್, ಮತ್ತು ಸತ್ತು ಹೊಲೊಗ್ರಾಂ, ಅಂದರೆ ಬರೀ ಬೆಳಕಿನ ಬಿಂಬ, ಆಗಿ ವಾಪಸ್ ಬಂದ ಆರ್ನಾಲ್ಡ್ ರಿಮ್ಮರ್. ಲಿಸ್ಟರ್‌ಗೆ ಈ ರಿಮ್ಮರ್ ಬದುಕಿದ್ದಾಗಲೇ ಆಗಿಬರುತ್ತಿರಲಿಲ್ಲ. ಹಾಸ್ಟೆಲ್‌ನಲ್ಲಿ ಆಗದವನ ಜೊತೆ ರೂಮ್ ಹಂಚಿಕೊಂಡಿದ್ದರೆ ನಿಮಗೆ ಇನ್ನೇನೂ ವಿವರಿಸಬೇಕಿಲ್ಲ.

ಇಡೀ ಸೀರಿಯಲ್‌ಗೆ ನಾನು ಇಟ್ಟುಕೊಂಡಿರುವ ಅಳತೆಗೋಲು ಇದೇ: ಲಿಸ್ಟರ್ ಮತ್ತು ರಿಮ್ಮರ್ ಒಂದೇ ರೂಮಿನಲ್ಲಿ ಇದ್ದಾರಾ? ಇದ್ದರೆ ನೋಡಿ. ಸೆಟ್ ಬದಲಾಗಲಿ, ನಟರು ಬದಲಾಗಲಿ, ಚಾನೆಲ್ಲೇ ಬದಲಾಗಲಿ.

ಹಾಗಾಗಿ ಮೊದಲು ಮೂರನೇ ಸೀಸನ್‌ನ ಎರಡನೇ ಎಪಿಸೋಡ್ ಹಾಕಿ, ಹೆಸರು ಮರೂನ್ಡ್. ಇಬ್ಬರೂ ಹಿಮ ತುಂಬಿದ ಗ್ರಹದಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ, ಚಳಿ, ತಿನ್ನೋಕೆ ನಾಯಿ ತಿಂಡಿಯ ಡಬ್ಬ. ಬೆಂಕಿ ಆರದ ಹಾಗೆ ಸಿಕ್ಕಿದ್ದನ್ನೆಲ್ಲ ಸುಡಬೇಕು. ಲಿಸ್ಟರ್ ಪ್ರಾಣದಂತೆ ಇಟ್ಟುಕೊಂಡ ಗಿಟಾರ್‌ನ ಸರದಿ ಬರುತ್ತದೆ. ಅವನೇನು ಮಾಡುತ್ತಾನೆ ಗೊತ್ತಾ? ರಿಮ್ಮರ್‌ಗೆ ಅಪ್ಪ ಕೊಟ್ಟ ಕರ್ಪೂರದ ಮರದ ಪೆಟ್ಟಿಗೆಯ ಹಿಂಭಾಗದಲ್ಲಿ ಗಿಟಾರ್ ಆಕಾರಕ್ಕೇ ಹಲಗೆ ಕೊಯ್ದು ಅದನ್ನು ಸುಡುತ್ತಾನೆ. ಗಿಟಾರೇ ಸುಟ್ಟ ಅಂತ ನಂಬಿದ ರಿಮ್ಮರ್ ಎಂಥಾ ತ್ಯಾಗ ಅಂತ ಕರಗಿಹೋಗುತ್ತಾನೆ. ಮುಂದಿನದ್ದು ಹೇಳಲ್ಲ. ಇದಕ್ಕೆ ನಗು ಬರಲಿಲ್ಲ ಅಂದರೆ ಈ ಸೀರಿಯಲ್ ನಿಮಗಲ್ಲ, ಸುಮ್ನೆ ಟೈಮ್ ಹಾಳು ಮಾಡಿಕೊಳ್ಳಬೇಡಿ.

ಬಂತು ಅಂದರೆ ಅದೇ ಸೀಸನ್‌ನ ಮೊದಲ ಎಪಿಸೋಡ್‌ಗೆ ಹಿಂದೆ ಹೋಗಿ. ಶುರುವಲ್ಲೇ ಅಕ್ಷರಗಳು ಸರಸರ ಅಂತ ಮೇಲಕ್ಕೆ ಓಡುತ್ತವೆ, ಓದೋಕೆ ಬಿಡೋದೇ ಇಲ್ಲ. ಪಾಸ್ ಒತ್ತಿ ಒತ್ತಿ ಓದಿ. ಎರಡನೇ ಸೀಸನ್‌ಗೂ ಮೂರಕ್ಕೂ ನಡುವೆ ಏನೇನಾಯಿತು ಅನ್ನೋದನ್ನೆಲ್ಲ ಅಲ್ಲೇ ತುರುಕಿದ್ದಾರೆ: ಲಿಸ್ಟರ್‌ನ ಬಸಿರು, ಹಾಲಿ ಮುಖ ಬದಲಾಯಿಸಿಕೊಂಡದ್ದು, ಕ್ರೈಟನ್ ಅನ್ನೋ ಮನೆಗೆಲಸದ ರೋಬೋಟ್ ಬಂದು ಸೇರಿಕೊಂಡದ್ದು. ಹಾಲಿಯಾಗಿದ್ದ ನಾರ್ಮನ್ ಲೊವೆಟ್ ಹೋಗಿ ಹ್ಯಾಟಿ ಹೇರಿಜ್ ಬಂದರು. ಎರಡನೇ ಸೀಸನ್‌ನ ಒಂದು ಎಪಿಸೋಡ್‌ನಲ್ಲಿ ಕ್ರೈಟನ್ ಆಗಿದ್ದ ಡೇವಿಡ್ ರಾಸ್ ಜಾಗಕ್ಕೆ ರಾಬರ್ಟ್ ಲೆವೆಲಿನ್ ಬಂದರು. ಇಂಥ ದೊಡ್ಡ ಬದಲಾವಣೆಯನ್ನೇ ಒಂದು ಜೋಕ್ ಮಾಡಿ ಮುಗಿಸಿದ್ದು ನನಗಂತೂ ಈಗಲೂ ಇಷ್ಟ.

ಆಮೇಲೆ ನಾಲ್ಕು, ಐದು ಸಾಲಾಗಿ ನೋಡಿ. ನಾಲ್ಕರ ಡಿಎನ್‌ಎ ಎಪಿಸೋಡ್‌ನಲ್ಲಿ ಲಿಸ್ಟರ್‌ನ ವಿಂದಾಲೂ ಜೀವ ತಳೆದು ರಾಕ್ಷಸನಾಗಿ ಬರುತ್ತದೆ. ಅದು ಗೋವಾ, ಮಂಗಳೂರು ಕಡೆಯ ಮನೆಗಳ ವಿಂದಾಲೂ ಅಂದುಕೊಳ್ಳಬೇಡಿ. ಬ್ರಿಟನ್ನಿನ ಕರಿ ಹೋಟೆಲುಗಳಲ್ಲಿ ಪಂದ್ಯ ಕಟ್ಟಿ ತಿನ್ನುವ ಖಾರದ ಐಟಂ ಅದು. ಐದನೇ ಸೀಸನ್‌ನ ಕೊನೆಯ ಬ್ಯಾಕ್ ಟು ರಿಯಾಲಿಟಿ ತಪ್ಪಿಸಬೇಡಿ. ಆರನೇ ಸೀಸನ್‌ನಲ್ಲಿ ನೌಕೆಯೇ ಕಳೆದುಹೋಗಿ ಎಲ್ಲರೂ ಸ್ಟಾರ್‌ಬಗ್ ಅನ್ನೋ ಪುಟ್ಟ ಗಾಡಿಯಲ್ಲಿ ಇರುತ್ತಾರೆ, ಹಾಲಿ ಇರಲ್ಲ. ಅದರ ಕೌಬಾಯ್ ಎಪಿಸೋಡ್‌ಗೆ 1994ರಲ್ಲಿ ಇಂಟರ್‌ನ್ಯಾಷನಲ್ ಎಮ್ಮಿ ಪ್ರಶಸ್ತಿ ಬಂತು.

ಇಷ್ಟಾದ ಮೇಲೆ ಒಂದು, ಎರಡನೇ ಸೀಸನ್‌ಗೆ ಹೋಗಿ. ಈಗ ಬೂದು ಗೋಡೆ ಕಣ್ಣಿಗೆ ಬೀಳೋದೇ ಇಲ್ಲ, ಮೇಲೆ ಕೆಳಗೆ ಮಂಚದಲ್ಲಿ ಮಲಗಿ ಕಿತ್ತಾಡುವ ಇಬ್ಬರು ಮಾತ್ರ ಕಾಣುತ್ತಾರೆ. ಹಾಂ, ಲೆಕ್ಕ ಹಿಡಿದು ಕೂರಬೇಡಿ. ಶುರುವಲ್ಲಿ ನೌಕೆಯ ಸಿಬ್ಬಂದಿ 169 ಜನ, ಆಮೇಲೆ ಅದೇ 1,169 ಆಗುತ್ತದೆ. ಲಿಸ್ಟರ್ ದೂರದಿಂದ ನೋಡಿ ಆಸೆಪಟ್ಟ ಹುಡುಗಿ ಕೊಚಾನ್ಸ್ಕಿ ಮುಂದೆ ಅವನ ಹಳೇ ಗೆಳತಿ ಆಗಿಬಿಡುತ್ತಾಳೆ. ಬರೆದವರೇ ತಲೆ ಕೆಡಿಸಿಕೊಂಡಿಲ್ಲ, ನಮಗ್ಯಾಕೆ?

ಇನ್ನು ಕಷ್ಟದ ಭಾಗ. ಆರನೇ ಸೀಸನ್ ಆದಮೇಲೆ ಜೋಡಿ ಲೇಖಕರಲ್ಲಿ ರಾಬ್ ಗ್ರಾಂಟ್ ಹೊರಟುಹೋದರು, ಡಗ್ ನೇಲರ್ ಉಳಿದರು. 1997ರ ಏಳನೇ ಸೀಸನ್‌ಗೆ ಸ್ಟುಡಿಯೋದಲ್ಲಿ ಪ್ರೇಕ್ಷಕರನ್ನು ಕೂರಿಸಿಕೊಳ್ಳದೆ ಸಿನಿಮಾ ಥರ ತೆಗೆದರು. ನಗು ಆಮೇಲೆ ಜನರಿಗೆ ತೋರಿಸಿ ರೆಕಾರ್ಡ್ ಮಾಡಿದ್ದು. ಎರಡನೇ ಎಪಿಸೋಡ್‌ಗೇ ರಿಮ್ಮರ್ ಹೊರಡುತ್ತಾನೆ, ಮೂರನೆಯದಕ್ಕೆ ಕ್ಲೋಯಿ ಆನೆಟ್ ಕೊಚಾನ್ಸ್ಕಿಯಾಗಿ ಬರುತ್ತಾರೆ. ಜನ ಅವರನ್ನು ಬೈದದ್ದು ಅನ್ಯಾಯ. ಅವರು ಚೆನ್ನಾಗೇ ಮಾಡಿದ್ದಾರೆ, ಖಾಲಿ ಬಿದ್ದದ್ದು ರಿಮ್ಮರ್‌ನ ಮಂಚ. ಜಗಳಕ್ಕೆ ಆಳೇ ಇಲ್ಲ ಅಂದರೆ ಲಿಸ್ಟರ್ ಏನು ಮಾಡುತ್ತಾನೆ ಹೇಳಿ. ದಿನಕ್ಕೊಂದು ಎಪಿಸೋಡ್ ನೋಡಿ, ಜಾಸ್ತಿ ಬೇಡ. 1999ರ ಎಂಟನೇ ಸೀಸನ್‌ನಲ್ಲಿ ಸತ್ತವರೆಲ್ಲ ವಾಪಸ್, ಇಬ್ಬರೂ ಜೈಲಿನ ಒಂದೇ ಸೆಲ್‌ನಲ್ಲಿ. ಸೆಲ್ ಒಳಗಿನ ಸೀನುಗಳು ಚೆನ್ನ, ಉಳಿದದ್ದನ್ನು ಓಡಿಸಿದರೂ ನಡೆಯುತ್ತೆ.

ಹತ್ತು ವರ್ಷ ಬಿಟ್ಟು 2009ರಲ್ಲಿ ಡೇವ್ ಅನ್ನೋ ಚಾನೆಲ್‌ನಲ್ಲಿ ಮೂರು ಭಾಗದ ಬ್ಯಾಕ್ ಟು ಅರ್ತ್ ಬಂತು. ಅದರಲ್ಲಿ ಲಿಸ್ಟರ್ ತನ್ನ ಪಾತ್ರ ಮಾಡುವ ಕ್ರೇಗ್ ಚಾರ್ಲ್ಸ್‌ನನ್ನೇ ಭೇಟಿಯಾಗುತ್ತಾನೆ. ಅದನ್ನು ಬೇಕಾದರೆ ನೋಡಿ, ಬಿಟ್ಟರೂ ನಷ್ಟವಿಲ್ಲ. 2012ರ ಹತ್ತನೇ ಸೀಸನ್ ಮಾತ್ರ ಬಿಡಬೇಡಿ. ಪ್ರೇಕ್ಷಕರು ವಾಪಸ್, ನಾಲ್ಕೇ ಜನ, ವಯಸ್ಸಾದ ಮುಖಗಳು, ಅದೇ ಜಗಳ. 2016, 2017ರ ಸೀಸನ್‌ಗಳೂ ಅದೇ ದಾರಿ.

ಸಬ್‌ಟೈಟಲ್ ಹಾಕಿಕೊಳ್ಳಿ, ನಾಚಿಕೆ ಬೇಡ. ಕ್ರೇಗ್ ಚಾರ್ಲ್ಸ್‌ನ ಲಿವರ್‌ಪೂಲ್ ಮಾತು ಮೊದಲೆರಡು ದಿನ ಕಿವಿಗೆ ಹತ್ತಲ್ಲ. ಸ್ಮೆಗ್ ಅಂತ ಆಗಾಗ ಕೇಳಿಸುತ್ತದಲ್ವಾ, ಅದು ಅವರ ಬೈಗುಳ. ನಾಲ್ಕನೇ ಎಪಿಸೋಡ್ ಹೊತ್ತಿಗೆ ನಿಮ್ಮ ಬಾಯಲ್ಲೂ ಬರುತ್ತದೆ.

ಕೊನೆಗೆ ಉಳಿಸಿಕೊಳ್ಳಬೇಕಾದ್ದು 2020ರ ದಿ ಪ್ರಾಮಿಸ್ಡ್ ಲ್ಯಾಂಡ್, ಸಿನಿಮಾ ಉದ್ದದ್ದು. ಅದರಲ್ಲಿ ತಾನೊಂದು ನಕಲು, ಯಾತಕ್ಕೂ ಬೇಡದವನು ಅಂತ ರಿಮ್ಮರ್ ಕುಗ್ಗಿಹೋದಾಗ ಲಿಸ್ಟರ್ ಅವನಿಗೆ ಬೆಳದಿಂಗಳ ಮಾತು ಹೇಳಿ ಸಮಾಧಾನ ಮಾಡುತ್ತಾನೆ. ಹಿಂದಿನದ್ದು ನೋಡದವರಿಗೆ ಅದು ಬರೀ ಒಂದು ಒಳ್ಳೇ ಡೈಲಾಗ್. ಪೆಟ್ಟಿಗೆ ಕೊಯ್ದದ್ದನ್ನು ನೋಡಿದವರಿಗೆ ಹಾಗಲ್ಲ.