ಚಳಿಗಾಲಕ್ಕೆ ಗಾಢ ಬಣ್ಣ, ಸಡಿಲ ಜಡೆ: ಮನೆಯಲ್ಲೇ ಮಾಡಿಕೊಳ್ಳುವ ಕ್ರಮ

ದೀಪಾವಳಿ ಕಳೆದು ಚಳಿ ಶುರುವಾಗುತ್ತಿದ್ದಂತೆ ಸಲೂನುಗಳ ಶೇಡ್ ಕಾರ್ಡಿನಲ್ಲಿ ಹೊಂಬಣ್ಣ, ಜೇನುಬಣ್ಣಗಳು ಹಿಂದೆ ಸರಿದು ಚಾಕೊಲೇಟ್ ಕಂದು, ಕಾಫಿ ಕಂದು, ಮಹೋಗನಿ, ಬರ್ಗಂಡಿಗಳು ಮುಂದೆ ಬರುತ್ತವೆ. ಈ ರೂಢಿ ಪಶ್ಚಿಮ ದೇಶಗಳ ಶರತ್ಕಾಲದಿಂದ ಬಂದದ್ದಾದರೂ, ಅದು ಚೆನ್ನಾಗಿ ಒಪ್ಪುವುದು ನಮ್ಮಂಥ ಕಪ್ಪು ಕೂದಲಿನವರಿಗೇ. ಹೊಂಬಣ್ಣ ಬೇಕೆಂದರೆ ಮೊದಲು ಬ್ಲೀಚ್ ಮಾಡಿ ಕೂದಲಿನ ಸಹಜ ಬಣ್ಣವನ್ನು ತೆಗೆಯಬೇಕಾಗುತ್ತದೆ. ಒಣಗಾಳಿಯ ತಿಂಗಳುಗಳಲ್ಲಿ ಹಾಗೆ ಮಾಡಿದರೆ ಕೂದಲಿನ ತುದಿ ಇನ್ನಷ್ಟು ಒರಟಾಗುತ್ತದೆ. ಗಾಢ ಕಂದು ಬಣ್ಣಗಳಿಗೆ ಬ್ಲೀಚಿನ ಅಗತ್ಯವೇ ಇಲ್ಲ.

ಅಂಗಡಿಯ ಡೈ ಬಳಸುವವರು ಪೆಟ್ಟಿಗೆಯ ಮೇಲಿನ ಚಿತ್ರವನ್ನು ನಂಬದೆ ಸಂಖ್ಯೆಯನ್ನು ನೋಡಬೇಕು. ಸಾಮಾನ್ಯವಾಗಿ 1 ಎಂದರೆ ಕಪ್ಪು, 3 ಗಾಢ ಕಂದು, 4 ನಡು ಕಂದು, 5 ತಿಳಿ ಕಂದು. ಚುಕ್ಕೆಯ ನಂತರದ ಅಂಕಿ ಕೆಂಪು, ತಾಮ್ರ ಮುಂತಾದ ಛಾಯೆಯನ್ನು ಸೂಚಿಸುತ್ತದೆ ಮತ್ತು ಅದು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಡೈಗೆ ಬೆರೆಸಲೆಂದು ಜೊತೆಗೆ ಬರುವ ದ್ರವವಾದ ಡೆವಲಪರ್‌ನಲ್ಲಿ ಹೈಡ್ರೋಜನ್ ಪೆರಾಕ್ಸೈಡ್ 6 ಪ್ರತಿಶತ ಇದ್ದರೆ ಕೂದಲು ಒಂದೆರಡು ಮಟ್ಟದಷ್ಟು ತಿಳಿಯಾಗುತ್ತದೆ, ಅದಕ್ಕಿಂತ ಹೆಚ್ಚು ಆಗದು. ಹೀಗಾಗಿ ಬಣ್ಣ ಹಾಕದ ಕಪ್ಪು ಕೂದಲಿಗೆ 4 ಅಥವಾ 5 ಸಾಕು. ಈಗಾಗಲೇ ಕಪ್ಪು ಡೈ ಹಾಕಿದ ಕೂದಲ ಮೇಲೆ ಕಂದು ಡೈ ಹಚ್ಚಿದರೆ ಬುಡ ಮಾತ್ರ ತಿಳಿಯಾಗಿ ಉದ್ದವೆಲ್ಲ ಹಾಗೆಯೇ ಉಳಿಯುತ್ತದೆ, ಏಕೆಂದರೆ ಡೈಯನ್ನು ಇನ್ನೊಂದು ಡೈ ತೆಗೆಯಲಾರದು.

ನನ್ನ ಒಲವು ಮದರಂಗಿ ಮತ್ತು ಇಂಡಿಗೋ (ನೀಲಿ ಗಿಡದ ಎಲೆ) ಪುಡಿಯ ಕಡೆಗೆ, ಅದರಲ್ಲೂ ನರೆಗೂದಲು ಅಲ್ಲಲ್ಲಿ ಕಾಣಿಸಿಕೊಂಡವರಿಗೆ. ಭುಜದವರೆಗಿನ ಕೂದಲಿಗೆ ಎರಡೂ ಸೇರಿ ಸುಮಾರು 150 ಗ್ರಾಂ ಬೇಕಾಗುತ್ತದೆ. ಸಮಪ್ರಮಾಣದಲ್ಲಿ ಬೆರೆಸಿದರೆ ನಡು ಕಂದು ಬರುತ್ತದೆ. ಒಂದು ಪಾಲು ಮದರಂಗಿಗೆ ಎರಡು ಪಾಲು ಇಂಡಿಗೋ ಹಾಕಿದರೆ ಗಾಢ ಕಂದು. ಪೂರ್ತಿ ಕಪ್ಪು ಕೂದಲಲ್ಲಿ ಮಾತ್ರ ಇದರಿಂದ ಹೆಚ್ಚಿನ ವ್ಯತ್ಯಾಸ ಕಾಣದು, ಬಿಸಿಲಿಗೆ ನಿಂತಾಗ ಒಂದಿಷ್ಟು ಕೆಂಪು ಮಿಂಚಬಹುದು.

ಚಳಿಗಾಲದಲ್ಲಿ ಬಹಳ ಮಂದಿ ಎಡವುವುದು ಮದರಂಗಿ ನೆನೆಯುವ ವೇಳೆಯಲ್ಲಿ. ಎಲೆಯಲ್ಲಿರುವ ಲಾಸೋನ್ ಎಂಬ ಬಣ್ಣದ್ರವ್ಯ ಬಿಡುಗಡೆಯಾಗಲು ಶಾಖ ಬೇಕು. ಬೇಸಿಗೆಯಲ್ಲಿ ಕೆಲವೇ ಗಂಟೆಗಳಲ್ಲಿ ಮುಗಿಯುವ ಈ ಕೆಲಸಕ್ಕೆ ತಣ್ಣನೆಯ ಅಡುಗೆಮನೆಯಲ್ಲಿ ಇಡೀ ರಾತ್ರಿ ಹಿಡಿಯುತ್ತದೆ. ಆದ್ದರಿಂದ ಹಿಂದಿನ ಸಂಜೆ ಪುಡಿಯನ್ನು ಬೆಚ್ಚಗಿನ ಚಹಾ ಕಷಾಯದಲ್ಲಿ, ಸ್ವಲ್ಪ ನಿಂಬೆರಸ ಸೇರಿಸಿ, ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ, ಮುಚ್ಚಿ, ಬೆಚ್ಚನೆಯ ಮೂಲೆಯಲ್ಲಿಡಬೇಕು. ಕುದಿಯುವ ನೀರು ಹಾಕಬಾರದು, ಬಣ್ಣ ಕೆಡುತ್ತದೆ. ಇಂಡಿಗೋ ಇದಕ್ಕೆ ತದ್ವಿರುದ್ಧವಾಗಿದ್ದು, ಅದನ್ನು ನೆನೆಹಾಕಿಟ್ಟರೆ ಶಕ್ತಿ ಕಳೆದುಕೊಳ್ಳುತ್ತದೆ. ಹಚ್ಚುವುದಕ್ಕೆ ಹತ್ತು-ಹದಿನೈದು ನಿಮಿಷ ಮೊದಲು ಬೆಚ್ಚಗಿನ ನೀರಲ್ಲಿ ಕಲಸಿ, ಮದರಂಗಿಗೆ ಬೆರೆಸಿ, ತಡಮಾಡದೆ ಬಳಸಬೇಕು. ನರೆ ಹೆಚ್ಚಿದ್ದು ಕಪ್ಪಿಗೆ ಹತ್ತಿರದ ಬಣ್ಣ ಬೇಕಾದವರು ಎರಡನ್ನೂ ಬೆರೆಸದೆ, ಮೊದಲು ಮದರಂಗಿ ಹಚ್ಚಿ ತೊಳೆದು, ಆನಂತರ ಇಂಡಿಗೋ ಹಚ್ಚುವುದು ಒಳ್ಳೆಯದು.

ತಲೆಗೆ ತಂಪಾಗಿ ಶೀತವಾಗುತ್ತದೆಂದು ಹೆದರುವವರು ನಡುಮಧ್ಯಾಹ್ನ ಹಚ್ಚಿಕೊಳ್ಳಲಿ. ಎಣ್ಣೆಯಿಲ್ಲದ, ಒಣಗಿದ ಕೂದಲಿಗೆ ಬೈತಲೆ ಬೈತಲೆಯಾಗಿ ಹಚ್ಚಿ, ಪ್ಲಾಸ್ಟಿಕ್ ಟೋಪಿ ಹಾಕಿ, ಮೇಲೆ ಹಳೆಯ ಟವೆಲ್ ಸುತ್ತಿದರೆ ಮೈ ಶಾಖವೇ ಒಳಗೆ ಉಳಿದು ಬಣ್ಣವೂ ಚೆನ್ನಾಗಿ ಹಿಡಿಯುತ್ತದೆ. ಎರಡು-ಮೂರು ಗಂಟೆಯ ನಂತರ ಉಗುರುಬೆಚ್ಚನೆಯ ನೀರಲ್ಲಿ ತೊಳೆದು ಎರಡು ದಿನ ಶಾಂಪೂ ಹಾಕದೆ ಬಿಡಬೇಕು. ಮೊದಲ ದಿನ ಬಣ್ಣ ಕಿತ್ತಳೆ ಅಥವಾ ಹಸಿರು ಛಾಯೆಯಾಗಿ ಕಂಡರೆ ಗಾಬರಿ ಬೇಡ, ಗಾಳಿ ತಾಗುತ್ತಾ ಅದು ಗಾಢವಾಗುತ್ತದೆ.

ಡೈ ಆಗಲಿ, ಪುಡಿಯಾಗಲಿ, 48 ಗಂಟೆ ಮೊದಲು ಮೊಣಕೈ ಒಳಬದಿಯಲ್ಲಿ ಹಚ್ಚಿ ತುರಿಕೆ, ಕೆಂಪು ಏಳುವುದೇ ಎಂದು ನೋಡಲೇಬೇಕು. ‘ಕಪ್ಪು ಮೆಹಂದಿ’ ಎಂದು ಮಾರುವ ಪುಡಿಗಳಲ್ಲಿ ಹಲವಕ್ಕೆ ಪಿಪಿಡಿ ಎಂಬ ರಾಸಾಯನಿಕ ಬೆರೆತಿರುತ್ತದೆ. ಅಲರ್ಜಿಯ ಮುಖ್ಯ ಕಾರಣಗಳಲ್ಲಿ ಅದೂ ಒಂದು. ಲೋಹದ ಲವಣ ಬೆರೆತ ಮೆಹಂದಿಯ ಮೇಲೆ ಪೆರಾಕ್ಸೈಡ್ ಡೈ ಬಿದ್ದರೆ ಕೂದಲು ಬಿಸಿಯೇರಿ ಹಾಳಾಗಬಹುದು. ಹಾಗಾಗಿ ಪೊಟ್ಟಣದ ಹಿಂದಿನ ಸಣ್ಣ ಅಕ್ಷರಗಳನ್ನು ಓದದೆ ಕೊಳ್ಳಬೇಡಿ.

ಕತ್ತರಿಸುವ ವಿಚಾರಕ್ಕೆ ಬಂದರೆ, ಕತ್ತಿನ ಬುಡಕ್ಕೆ ನಿಲ್ಲುವ ಬಾಬ್ ಈ ಕಾಲಕ್ಕೆ ಸರಿಹೋಗದು: ಸ್ವೆಟರಿನ ಕಾಲರ್ ತಾಗಿ ತುದಿಗಳು ಹೊರಕ್ಕೆ ತಿರುಚುತ್ತವೆ, ಉಜ್ಜಿ ಸೀಳುತ್ತವೆ. ಗಲ್ಲದ ಮಟ್ಟಕ್ಕೆ ಗಿಡ್ಡ ಮಾಡಿಸಿ, ಇಲ್ಲವೇ ಭುಜ ದಾಟಿದ ಉದ್ದಕ್ಕೆ ಬಿಟ್ಟು ತುದಿಯಲ್ಲಷ್ಟೇ ಉದ್ದ ಲೇಯರ್ ಕೊಡಿಸಿ. ಬಣ್ಣ ಹಾಕಿದ ಕೂದಲಲ್ಲಿ ಲೇಯರ್‌ಗಳ ಛಾಯೆ ಬೇರೆಬೇರೆಯಾಗಿ ಕಾಣುವುದರಿಂದ ಹೈಲೈಟ್ಸ್‌ನ ಖರ್ಚೂ ಉಳಿಯುತ್ತದೆ.

ಉದ್ದ ಕೂದಲಿನವರಿಗೆ ಕುತ್ತಿಗೆಯ ಮಟ್ಟದಿಂದ ಶುರುವಾಗುವ ಸಡಿಲ ಜಡೆಯಷ್ಟು ಅನುಕೂಲದ್ದು ಬೇರೆ ಕಾಣೆ. ಮೇಲಕ್ಕೆ ಎತ್ತಿ ಕಟ್ಟಿದ ತುರುಬಿನ ಮೇಲೆ ಉಣ್ಣೆಯ ಟೋಪಿ ಕೂರುವುದಿಲ್ಲ. ತಗ್ಗಿನ ಜಡೆಯ ಮೇಲೆ ಟೋಪಿಯೂ ಕೂರುತ್ತದೆ, ತುದಿಯೂ ಗಾಳಿಗೆ ಸಿಕ್ಕಾಗದೆ ಉಳಿಯುತ್ತದೆ. ಟೋಪಿಯೊಳಗೆ ಹಳೆಯ ಸ್ಯಾಟಿನ್ ಬಟ್ಟೆಯನ್ನು ಹೊಲಿದುಕೊಂಡರೆ ಉಜ್ಜುವುದು ತಪ್ಪುತ್ತದೆ. ಸೇವಂತಿಗೆ ಧಾರಾಳವಾಗಿ ಸಿಗುವ ಈ ಕಾಲದಲ್ಲಿ ಗಾಢ ಕಂದು ಜಡೆಗೆ ಹಳದಿ ದಂಡೆ ಎಷ್ಟು ಒಪ್ಪುತ್ತದೆಂದು ಬೇರೆ ಹೇಳಬೇಕಿಲ್ಲ. ಆದರೆ ಒದ್ದೆ ಕೂದಲನ್ನು ಹೆಣೆಯಬೇಡಿ. ಚಳಿಯಲ್ಲಿ ಅದು ಒಳಗೆ ಒಣಗದೆ ವಾಸನೆ ಹಿಡಿಯುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುವುದರಿಂದ ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ, ಹೆಚ್ಚಾಗಿ ತುದಿಗಳಿಗೆ ಸವರಿ.

ಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಬೆಳೆಯುವುದರಿಂದ ಐದಾರು ವಾರಗಳಲ್ಲಿ ಬುಡದ ನರೆ ಇಣುಕುತ್ತದೆ. ಆಗ ಬುಡಕ್ಕಷ್ಟೇ ಹಚ್ಚಿ. ಪ್ರತಿ ಸಲವೂ ಉದ್ದಕ್ಕೆಲ್ಲ ಇಂಡಿಗೋ ಹಚ್ಚುತ್ತ ಹೋದರೆ ಬಣ್ಣ ಪದರಪದರವಾಗಿ ಕೂತು, ಕಂದು ಹೋಗಿ ಕಪ್ಪಾಗುತ್ತದೆ, ಮುಂದೆ ಬ್ಲೀಚ್ ಮಾಡಿಸಹೋದರೆ ಹಸಿರು ಛಾಯೆ ಏಳುವ ಸಾಧ್ಯತೆಯೂ ಇರುತ್ತದೆ.