ಗಾರ್ಮೆಂಟ್ಸ್ ಹೆಂಗಸರ ಡಾಕ್ಯುಮೆಂಟರಿ ನಮ್ಮೂರಲ್ಲಿ ತೋರ್ಸೋದು ಹೇಗೆ

ಮೊದ್ಲೇ ಹೇಳ್ಬಿಡ್ತೀನಿ, ಕೊಡಗಲ್ಲಿ ಮಳೆಗಾಲದಲ್ಲಿ ಇದನ್ನ ಇಟ್ಕೋಬೇಡಿ. ನಾವು ಜುಲೈನಲ್ಲಿ ಇಟ್ಟು ಕೈ ಸುಟ್ಕೊಂಡ್ವಿ, ಮರ ಬಿದ್ದು ಕರೆಂಟ್ ಹೋಯ್ತು, ಬಂದಿದ್ದ 11 ಜನ ಕೊಡೆ ಬಿಚ್ಕೊಂಡು ವಾಪಸ್. ಕಾಫಿ ಕುಯ್ಯೋ ಟೈಮಲ್ಲಿ ತೋಟದ ಲೈನ್ ಮನೆಗಳಲ್ಲಿರೋ ಕೂಲಿಯವ್ರಿಗೆ ಪುರ್ಸೊತ್ತಿರಲ್ಲ. ಯುಗಾದಿ ಒಳ್ಳೇದು, ಬೆಂಗ್ಳೂರು ಗಾರ್ಮೆಂಟ್ಸಿಗೆ ಹೋದ ಹುಡ್ಗೀರು ಊರಿಗೆ ಬಂದಿರ್ತಾರೆ.

ಫಿಲ್ಮ್ ಮಾಡಿದವ್ರಿಗೆ ಒಂದು ಮೇಲ್ ಹಾಕಿ ಪರ್ಮಿಷನ್ ತಗೊಳ್ಳಿ. ನಾವು ತೋರ್ಸಿದ್ದು ಅಮೆರಿಕದ ಲಾಸ್ ಏಂಜಲೀಸಿಗೆ ವಲಸೆ ಬಂದು ಬಟ್ಟೆ ಹೊಲಿಯೋ ಹೆಂಗಸರದ್ದು. ಮಾತೆಲ್ಲ ಸ್ಪ್ಯಾನಿಷು, ಕೆಳಗೆ ಇಂಗ್ಲಿಷು, ಯಾರು ಓದ್ತಾರೆ? ಒಬ್ರು ಪಕ್ಕದಲ್ಲಿ ನಿಂತು ಫಿಲ್ಮ್ ನಿಲ್ಲಿಸಿ ನಿಲ್ಲಿಸಿ ಕನ್ನಡದಲ್ಲಿ ಹೇಳ್ಬೇಕು, ಯಕ್ಷಗಾನದ ಭಾಗವತರ ತರ. ಅಲ್ಲಿ ಪೀಸ್ ಲೆಕ್ಕದಲ್ಲಿ, ಅಂದ್ರೆ ಹೊಲಿದ ಒಂದೊಂದು ಪೀಸಿಗೆ ಇಷ್ಟು ಅಂತ ಕೂಲಿ ಕೊಡ್ತಿದ್ರು, 1995ರಲ್ಲಿ ಅಲ್ಲೇ ಹತ್ರದ ಎಲ್ ಮಾಂಟೆ ಅನ್ನೋ ಊರಲ್ಲಿ ಮುಳ್ಳುತಂತಿ ಒಳಗೆ ಕೂಡಿ ಹಾಕಿದ್ದ 72 ಥಾಯ್ ಕಾರ್ಮಿಕರನ್ನ ಬಿಡಿಸಿದ್ರು, ಕೊನೆಗೆ 2021ರಲ್ಲಿ ಆ ಕ್ಯಾಲಿಫೋರ್ನಿಯಾ ರಾಜ್ಯ ಕಾನೂನು ಮಾಡಿ ಪೀಸ್ ರೇಟ್ ತೆಗೀತು, ಇಷ್ಟು ಹೇಳಿದ್ರೆ ಸಾಕು. ಜೊತೆಗೆ ನಮ್ದೇ ಕಥೆ ಸೇರ್ಸಿ, 2016ರ ಏಪ್ರಿಲಲ್ಲಿ ಪಿಎಫ್ ದುಡ್ಡು ತೆಗೆಯೋಕೆ ಕಡಿವಾಣ ಹಾಕೋ ರೂಲ್ ವಿರುದ್ಧ ಬೆಂಗ್ಳೂರಿನ ಗಾರ್ಮೆಂಟ್ಸ್ ಹೆಂಗಸ್ರು ರೋಡಿಗಿಳಿದ್ರು, ಕೇಂದ್ರ ಸರ್ಕಾರ ಎರಡೇ ದಿನದಲ್ಲಿ ವಾಪಸ್ ತಗೊಳ್ತು. ಇದು ಬಂದವ್ರಲ್ಲೇ ಯಾರಿಗಾದ್ರೂ ನೆನಪಿರತ್ತೆ, ಅವ್ರನ್ನೇ ಮಾತಾಡ್ಸಿ.

ಭಾಷಣ ಬೇಡ್ವೇ ಬೇಡ. ಕೆಲ್ಸ ಮಾಡ್ಸೋ ಮೇಸ್ತ್ರಿ ಹಿಂದೆ ಕೂತಿದ್ರೆ ಯಾರೂ ಬಾಯಿ ಬಿಡಲ್ಲ, ಅವ್ರನ್ನ ಟೀ ಕುಡಿಯೋಕೆ ಕರ್ಕೊಂಡ್ ಹೋಗೋದಕ್ಕೆ ಒಬ್ಬನ್ನ ಇಟ್ಕೊಳ್ಳಿ. ನಿಜವಾದ ಕೆಲ್ಸ ಲೈಟ್ ಹಾಕಿದ್ಮೇಲೆ. ಬರುವಾಗ್ಲೇ ಸ್ಯಾಲರಿ ಸ್ಲಿಪ್ ತರೋಕೆ ಹೇಳಿರಿ. ಒಬ್ಳು ಹುಡ್ಗಿ ಮೊಬೈಲ್ ಕವರ್ ಹಿಂದಿಂದ ನಾಲ್ಕು ಮಡಿಕೆ ಮಾಡಿದ್ದ ಸ್ಲಿಪ್ ತೆಗೆದ್ಲು, ಮಡಿಕೆಯಲ್ಲಿ ಅಕ್ಷರ ಅಳಿಸಿ ಹೋಗಿತ್ತು. ಅಲ್ಲೇ ಸರ್ಕಾರದ ಉಮಂಗ್ ಆ್ಯಪಲ್ಲಿ ಅವ್ಳ ಪಿಎಫ್ ಪಾಸ್‌ಬುಕ್ ತೆಗೆದ್ರೆ, ಸ್ಲಿಪ್ಪಲ್ಲಿ ಪಿಎಫ್ ಕಟ್ ಆಗಿದೆ, ಪಾಸ್‌ಬುಕ್ಕಲ್ಲಿ 4 ತಿಂಗಳು ದುಡ್ಡು ಜಮಾನೇ ಆಗಿಲ್ಲ. "ಅಣ್ಣ, ಹಂಗಾದ್ರೆ ಆ ದುಡ್ಡು ಎಲ್ಲಿ ಹೋಯ್ತು?" ಅಂದ್ಲು. ಪಿಎಫ್ ಆಫೀಸಿಗೆ ಕಂಪ್ಲೇಂಟ್ ಅವತ್ತೇ ಬರೆದ್ವಿ. ಓವರ್‌ಟೈಮಿಗೆ ಡಬಲ್ ಕೂಲಿ ಅಂತ ಕಾನೂನಿರೋದೂ ಅರ್ಧ ಜನಕ್ಕೆ ಗೊತ್ತಿರ್ಲಿಲ್ಲ. ಅಲ್ಲೇ ಆ್ಯಪ್ ತೆಗೆದು ನೋಡ್ಬೇಕಲ್ಲ, ಅದಕ್ಕೇ ಹೇಳೋದು, ಮೊಬೈಲ್ ಸಿಗ್ನಲ್ ಸಿಗೋ ಜಾಗಾನೇ ಹಿಡೀರಿ.

ಫೋಟೋ ತೆಗೆದ್ರೆ ಬೆನ್ನು ಮಾತ್ರ. ಮುಖ ಸ್ಟೇಟಸ್ಸಿಗೆ ಹೋದ್ರೆ ಸೋಮವಾರ ಅವ್ಳ ಕೆಲ್ಸ ಹೋಗತ್ತೆ, ನಿಮ್ದಲ್ಲ. ಆಮೇಲೆ ಸ್ಕ್ರೀನ್ ಬಾಡಿಗೆಗೆ ದುಡ್ಡು ಸುರೀಬೇಡಿ, ಬಿಳಿ ಪಂಚೆ ಸಾಕು, ಇಸ್ತ್ರಿ ಮಾಡಿರ್ಬೇಕು ಅಷ್ಟೆ.